ಮೇಷ್ಟ್ರ ಡಿಸಪಾಯಿಂಟ್‌ಮೆಂಟ್

ಇಂಗ್ಲಿಷ್ ಮೇಷ್ಟ್ರು ಯೋಗಾನರಸಿಂಹ ಒಂದು ಗುಟುಕು ಕುಡಿದು "ಡಿಸಪಾಯಿಂಟ್‌ಮೆಂಟ್!" ಎಂದಾಗ, ಕಾಫಿ ಕೆಟ್ಟಿತೆಂದು ತಿಳಿದ ಹೋಟೆಲಿನ ತಿಮ್ಮಪ್ಪ ಮೊದಮೊದಲು ಎರಡು ಸಲ ಪುಡಿಯನ್ನೇ ಬದಲಾಯಿಸಿದ್ದ. ಆಮೇಲೆ ತಿಳಿಯಿತು, ಅರಕಲಗೂಡು ಬಸ್ಸು ತಡವಾದರೂ ಅವರಿಗೆ ಡಿಸಪಾಯಿಂಟ್‌ಮೆಂಟೇ, ಹೊತ್ತಿಗೆ ಸರಿಯಾಗಿ ಬಂದರೂ ಡಿಸಪಾಯಿಂಟ್‌ಮೆಂಟೇ. ಬೋಂಡಾ ಸಣ್ಣದಾದರೂ, ಮೋಡ ಕವಿದು ಚದುರಿದರೂ ಅದೇ. "ಬೇಜಾರು ಯಾರ ಮೇಲಾದರೂ ಆಗಬಹುದು ಕಣಯ್ಯ, ಈ ಪದ ಮಾತ್ರ ನಾವು ನಂಬಿದವರಿಗೇ ಮೀಸಲು" ಎಂದು ಅರ್ಥ, ಬಳಕೆ ಎರಡನ್ನೂ ಬೆರಳೆತ್ತಿ ವಿವರಿಸುವರು. ಅಷ್ಟರಲ್ಲಿ ಮಗಳು ಶ್ರೀಗೌರಿ ಬ್ಯಾಂಕಿನ ಕೆಲಸಕ್ಕೆಂದು ಎದುರಿನಿಂದಲೇ ಹಾದುಹೋದರೆ ಬೆರಳು ಇಳಿಯುವುದು, ಮೇಷ್ಟ್ರು ಲೋಟದ ತಳ ನೋಡುವರು. "ಮಗಳಿಗೂ ಇಂಗೇ ಅಂತಿದ್ರಾ ಸಾ?" ಎಂದು ತಿಮ್ಮಪ್ಪ ಒಂದು ದಿನ ನಕ್ಕ. "ಪಿಯುಸಿ ಇಂಗ್ಲಿಷಿನಲ್ಲಿ ಫೇಲಾದಾಗ ಒಂದೇ ಸಲ ಅಂದೆ. ಅವತ್ತಿನಿಂದ ನನ್ನ ಹತ್ತಿರ ಮಾತಾಡಿಲ್ಲ."