ಪಿಟೀಲು ಮೇಡಂ ಅವರ ಕಾಲುಗಳು

ಪಿಟೀಲು ನುಡಿಸುವಾಗ ನನ್ನ ಕೈ ನಾನು ಹೇಳಿದಂತೆ ಕೇಳುತ್ತದೆ. ಕಾಲು ಮಾತ್ರ ಕೇಳುವುದಿಲ್ಲ. ತಪ್ಪು ಪೂರ್ತಿ ಕಾಲಿನದೂ ಅಲ್ಲ. ಶನಿವಾರ ಸಂಜೆ ಬೆಂಗಳೂರಿನ ಹೋಟೆಲುಗಳಲ್ಲಿ ನಿಂತು ಜಾಝ್ ನುಡಿಸುತ್ತೇನೆ. ನನ್ನ ಸರದಿ ಮುಗಿದೊಡನೆ ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಅದೇ ಸಂಗೀತಕ್ಕೆ ಜೋಡಿಯಾಗಿ ಹೆಜ್ಜೆ ಹಾಕುವ ಸ್ವಿಂಗ್ ಕುಣಿತಕ್ಕೆ ಇಳಿದುಬಿಡುತ್ತೇನೆ. ಸೋಮವಾರ ದೊಡ್ಡಬಳ್ಳಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ ಶುರುವಾದರೂ ಕಾಲಿಗೆ ಶನಿವಾರ ಮುಗಿದಿರುವುದಿಲ್ಲ.

ಪಾಪ, ಈ ವಾದ್ಯ ಪರದೇಶದಿಂದ ನಿಂತುಕೊಂಡೇ ಬಂದದ್ದು. ನಾವು ಉಪಚಾರ ಬಲ್ಲವರು, ಚಾಪೆ ಹಾಸಿ ಕೂರಿಸಿದೆವು. ಅದರ ತಲೆಯನ್ನು ವಿದ್ವಾಂಸರ ಪಾದದ ಮೇಲೆ ಇರಿಸಿದೆವು. ಹೀಗಾಗಿ ಪಿಟೀಲಿಗೂ ಕಾಲಿಗೂ ನಂಟು ಹಳೆಯದೇ ಎಂಬುದು ನನ್ನ ವಾದ. ಸರೋಜಮ್ಮ ಒಪ್ಪಲಿಲ್ಲ.

ಸರೋಜಮ್ಮ ನನ್ನ ಶಿಷ್ಯೆ ರಂಜಿತಾಳ ತಾಯಿ. ಮನೆಯಲ್ಲೇ ಪವರ್‌ಲೂಮ್ ಹಾಕಿಕೊಂಡು ಸೀರೆ ನೇಯುವವರು.

"ಮೇಡಂ, ಪಿಟೀಲ್ ಕಲೀಲಿ ಅಂತ ಕಳ್ಸಿದ್ರೆ ಇವ್ಳು ಮನೇಲಿ ಕುಣ್ಕೊಂಡು ನುಡಿಸ್ತಾಳೆ. ಗಣೇಶನ ಪೆಂಡಾಲಲ್ಲಿ ಮಕ್ಳು ನುಡಿಸೋದು ನೋಡೋಕೆ ನೆಂಟ್ರೆಲ್ಲ ಬರ್ತಾರೆ. ಅಲ್ಲೂ ನೀವು ಕುಣಿದ್ರೆ ಮಾರ್ನೇ ದಿನಾನೇ ಬಿಡಿಸ್ಬಿಡ್ತೀನಿ, ನೋಡಿ."

ರಂಜಿತಾಳಂಥ ಕಿವಿ ನನಗೆ ಇನ್ನೊಂದು ಸಿಗುವುದಿಲ್ಲ. ಅವಳನ್ನು ಕಳೆದುಕೊಳ್ಳುವ ಹೆದರಿಕೆಗೆ ಮಾತು ಕೊಟ್ಟುಬಿಟ್ಟೆ.

ಪೆಂಡಾಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಪಾದಗಳನ್ನು ಒಂದಕ್ಕೊಂದು ಹೆಣೆದು, ಮೇಲೆ ಸೀರೆಯ ನೆರಿಗೆ ಮುಚ್ಚಿದೆ. ಮಕ್ಕಳು ಪಕ್ಕದಲ್ಲಿ ನಿಂತು ಶುರು ಮಾಡಿದರು. ಸ್ವಲ್ಪ ಹೊತ್ತಿಗೇ ಒಬ್ಬರು ಶಿವಗಂಗೆ ಬೆಟ್ಟ ಹತ್ತುತ್ತಿದ್ದರೆ ಇನ್ನೊಬ್ಬರು ಇಳಿಯುತ್ತಿದ್ದರು. ಎಲ್ಲರ ಕಣ್ಣೂ ನನ್ನ ನೆರಿಗೆಯ ಮೇಲೆ. ಆಗ ಹೊಳೆಯಿತು, ಇಷ್ಟು ದಿನ ಇವರು ತಾಳ ಹಿಡಿಯುತ್ತಿದ್ದದ್ದು ನನ್ನ ಕಾಲು ನೋಡಿ!

ನಮ್ಮೂರಿನ ಕೂಸುಗಳು ಮಗ್ಗದ ಸದ್ದಿಗೆ ಏಳುವುದಿಲ್ಲ. ಕರೆಂಟು ಹೋಗಿ ಸದ್ದು ನಿಂತಾಗ ಬೆಚ್ಚಿ ಎದ್ದು ಅಳುತ್ತವೆ. ರಂಜಿತಾಳ ಮುಖವೂ ಹಾಗೇ ಆಗಿತ್ತು. ಕಮಾನು ನಿಂತಿತು, ಕಣ್ಣು ತುಂಬಿತು. ಮಾತು ಉಳಿಸಿಕೊಂಡರೆ ಹುಡುಗಿ ಎಲ್ಲರೆದುರು ಅಳುತ್ತಾಳೆ, ಮುರಿದರೆ ನಾಳೆಯಿಂದ ಬರುವುದೇ ಇಲ್ಲ.

ಅಷ್ಟರಲ್ಲಿ ಮುಂದಿನ ಸಾಲಿನಿಂದ ಸರೋಜಮ್ಮನ ದನಿ ಕೇಳಿತು. ಮಗ್ಗದ ಸದ್ದಿನ ನಡುವೆ ಮಾತಾಡಿ ಅಭ್ಯಾಸವಾದ ದನಿ, ಮೈಕು ಬೇಕಿರಲಿಲ್ಲ.

"ಅಯ್ಯೋ, ಕರೆಂಟ್ ಹೋದಂಗಾಯ್ತಲ್ಲ ಮೇಡಂ! ಕಾಲಾಡ್ಸಿ!"

ಎದ್ದೆ. ಕಾಲು ನನ್ನ ಅಪ್ಪಣೆಗೂ ಕಾಯಲಿಲ್ಲ. ಮಕ್ಕಳ ಕಮಾನುಗಳು ಒಟ್ಟಿಗೆ ಎದ್ದವು, ರಂಜಿತಾ ಎಲ್ಲರಿಗಿಂತ ಮುಂದೆ. ನೆಂಟರೆಲ್ಲ ಚಪ್ಪಾಳೆ ತಟ್ಟಿದರು, ಪ್ರತಿ ಸಲವೂ ತಪ್ಪು ಜಾಗದಲ್ಲಿ. ಅಷ್ಟು ಖುಷಿ ನನಗೆ ಯಾವ ಹೋಟೆಲಿನಲ್ಲೂ ಸಿಕ್ಕಿಲ್ಲ.

ಮರುದಿನ ರಂಜಿತಾ ಬರುತ್ತಾಳೋ ಇಲ್ಲವೋ ಎಂದು ಬಾಗಿಲು ಕಾಯುತ್ತಿದ್ದೆ. ಬಂದಳು. ಕಾಲಲ್ಲಿ ಹೊಸ ಕ್ಯಾನ್ವಾಸ್ ಶೂ. ಕುಣಿಯುವುದಕ್ಕಲ್ಲವಂತೆ, ತಾಳ ಹಾಕುವಾಗ ಜಾರದಿರಲಿ ಅಂತ ಅಮ್ಮ ಕೊಡಿಸಿದ್ದಂತೆ.