ಏರಿಯ ಮೇಲೆ ಆರಿಸಿದ ದೀಪ

ನರ್ಸಮ್ಮನ ಎಡಗಣ್ಣಿನ ಹುಬ್ಬು ಅರ್ಧ ಮಾತ್ರ ಇತ್ತು. ಉಳಿದರ್ಧ ಸೈಕಲ್ ದೀಪದ ಉರಿಗೆ ಸುಟ್ಟುಹೋಗಿ, ಆ ಜಾಗದ ಚರ್ಮ ಹುಣಸೆ ಬೀಜದ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಕಾಡಿಗೆ ತೀಡಿ ಮುಚ್ಚಿಕೊಳ್ಳಬಹುದಿತ್ತು; ಅವರು ಮುಚ್ಚಿಕೊಳ್ಳಲಿಲ್ಲ. ಯಾರಾದರೂ ಕೇಳಿದರೆ, ಹುಬ್ಬಿನಿಂದ ಯಾರ ಹೆರಿಗೆಯೂ ಆಗಬೇಕಾಗಿಲ್ಲ ಬಿಡಿ ಎನ್ನುತ್ತಿದ್ದರು.

ನಮ್ಮ ಹೋಬಳಿಯ ಡಿಸ್ಪೆನ್ಸರಿಗೆ ಸರ್ಕಾರದವರು ಕಳಿಸಿದ ಮೊದಲ ಹೆರಿಗೆ ನರ್ಸು ಅವರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದು, ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸೈಕಲ್ ತುಳಿಯುತ್ತಾ ದೊಡ್ಡೇರಿ ಸುತ್ತಿನ ಹಳ್ಳಿಗಳಿಗೆಲ್ಲ ಹೋಗುತ್ತಿದ್ದರು. ಹೆಂಗಸು ಸೈಕಲ್ ತುಳಿಯುವುದನ್ನು ನೋಡಲು ಗಂಡಸರು ಹೊಲದಲ್ಲಿ ಎತ್ತು ನಿಲ್ಲಿಸಿಕೊಂಡು ನಿಲ್ಲುತ್ತಿದ್ದರು. ಹಗಲು ಹಲ್ಲು ಕಿರಿದ ಅದೇ ಮಹನೀಯರು, ಹೆಂಡತಿಗೆ ನೋವು ಬಂದರೆ ಅವರ ಬಾಗಿಲಿಗೆ ಹೋಗಿ ಕೈ ಕಟ್ಟಿ ನಿಲ್ಲುತ್ತಿದ್ದರು. ನರ್ಸಮ್ಮ ಕೂಡಲೇ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ಯಾವ ಮನೆಗೆ ಹೋದರೂ ಬಸುರಿಯನ್ನು ನೋಡುವ ಮೊದಲು ಒಂದು ತೊಟ್ಟು ನೀರೂ ಕುಡಿಯುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಹಿತ್ತಲಲ್ಲಿ ನಿಂತುಕೊಂಡೇ ಒಂದು ಚೆಂಬು ಅಂಬಲಿ ಕುಡಿಯುತ್ತಿದ್ದರು.

ಚಿಕ್ಕಂದಿನಿಂದ ನಾನು ಅವರಿಗೆ ಗೊತ್ತು. ಮದುವೆಯಾಗಿ ಶಿರಾಕ್ಕೆ ಬಂದ ವರ್ಷ ಒಂದು ದಿನ ನಮ್ಮ ಮನೆಗೆ ಬಂದವರು, ಊಟ ಮುಗಿಸಿ, ಸೈಕಲ್ ಅಂಗಡಿಗೆ ಹೋಗೋಣ ಬಾ ಎಂದು ನನ್ನನ್ನೂ ಎಬ್ಬಿಸಿದರು. ಕತ್ತಲಲ್ಲಿ ಓಡಾಡಲು ಅವರಿಗೊಂದು ಒಳ್ಳೆಯ ದೀಪ ಬೇಕಿತ್ತು. ಹಳೆಯ ಸೀಮೆಎಣ್ಣೆ ದೀಪ ಕಲ್ಲು ದಾರಿಯಲ್ಲಿ ಕುಲುಕಿ ಕುಲುಕಿ ಆರಿಹೋಗುತ್ತಿತ್ತಂತೆ. ಅಂಗಡಿಯ ಸಾಬರು ವಯಸ್ಸಾದವರು, ಮೃದು ಮಾತಿನವರು. ಎಲ್ಲಕ್ಕಿಂತ ಜೋರಾಗಿ ಉರಿಯುವ ದೀಪ ತೋರಿಸಿ ಎಂದಾಗ ಅವರು ನಕ್ಕು, “ದರ್ಬಾರಿಗೆ ಹೋಗ್ತೀರೇನಮ್ಮಾ, ಅಷ್ಟೊಂದು ರೋಶ್ನಿ ಯಾಕೆ?” ಎಂದರು.

ನರ್ಸಮ್ಮ ಅಂಗಡಿಯ ಹಿಂದಿನ ಕತ್ತಲೆ ಕೋಣೆಗೆ ಸೈಕಲ್ ತರಿಸಿ ಬಾಗಿಲು ಹಾಕಿಸಿದರು. ಸೆರಗಿನ ತುದಿಯಿಂದ ಸೂಜಿ ದಾರ ತೆಗೆದರು. ಸೀಮೆಎಣ್ಣೆಯ ಹೊಸ ದೀಪ ಹಚ್ಚಿದರೆ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ಡೈನಮೋ ದೀಪಕ್ಕೆ ಸಾಬರು ಸೈಕಲ್ಲನ್ನು ಎತ್ತಿ ಹಿಡಿದು ಪೆಡಲ್ ತಿರುಗಿಸಿದರು. ತಿರುಗಿಸುವಷ್ಟು ಹೊತ್ತು ಬೆಳಕು ಚೆನ್ನಾಗಿಯೇ ಇತ್ತು, ಕೈ ಬಿಟ್ಟ ಕೂಡಲೇ ಕೋಣೆ ಕತ್ತಲಾಯಿತು. ನರ್ಸಮ್ಮ ಬೇಡವೆಂದು ತಲೆ ಆಡಿಸಿದರು. ಕೊನೆಗೆ ಗ್ಯಾಸ್ ದೀಪ. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಕಲ್ಲು, ಮೇಲೆ ನೀರು. ನೀರು ತೊಟ್ಟಿಕ್ಕಿದ ಹಾಗೆ ಬೆಳ್ಳುಳ್ಳಿ ಕೊಳೆತಂಥ ವಾಸನೆ ಎದ್ದು, ಬೆಂಕಿ ಮುಟ್ಟಿಸಿದರೆ ಸುಯ್ಯೆಂದು ಬಿಳಿಯ ಉರಿ. ಒಂದೇ ಸಲಕ್ಕೆ ದಾರ ಸೂಜಿಯೊಳಗೆ ಹೋಯಿತು. ಆ ದೀಪವನ್ನು ಸೈಕಲ್ಲಿನಿಂದ ಕಳಚಿ ಕೈಯಲ್ಲಿ ಹಿಡಿದುಕೊಂಡು ಒಳಗೂ ಹೋಗಬಹುದು ಎಂದು ಗೊತ್ತಾದ ಮೇಲಂತೂ ಅವರು ಬೇರೆ ಯಾವುದನ್ನೂ ನೋಡಲಿಲ್ಲ. ದಾರಿ ಅರ್ಧ ಕೆಲಸ ಅಷ್ಟೇ, ಹೆರುವ ಕೋಣೆಯಲ್ಲಿ ಹೊಲಿಗೆ ಹಾಕಬೇಕಾಗಿ ಬಂದರೆ ಹರಳೆಣ್ಣೆ ಹಣತೆಯಲ್ಲಿ ನನಗೇನು ಕಾಣುತ್ತದೆ ಎಂದರು. ಸಾಬರು ಆಮೇಲೆ ನಗಲಿಲ್ಲ. ಗಾಜನ್ನು ತಾವೇ ಒರೆಸಿ ದೀಪ ಕೂಡಿಸಿಕೊಟ್ಟರು.

ಹುಬ್ಬು ಸುಟ್ಟದ್ದು ಅದನ್ನು ಹಚ್ಚಲು ಕಲಿಯುವಾಗ. ಅದು ಅವರಿಗೆ ದೊಡ್ಡ ಸಂಗತಿಯಾಗಿರಲಿಲ್ಲ. ತೊಂದರೆ ಬಂದದ್ದು ನಮ್ಮ ಹಳ್ಳಿಗಳ ಹಿರಿಯ ಹೆಂಗಸರಿಂದ. ಹೆರಿಗೆ ನೋವು ಹೊರಗಿನವರಿಗೆ ತಿಳಿಯಬಾರದು ಎಂಬುದು ನಮ್ಮ ಕಡೆಯ ನಂಬಿಕೆ. ಒಬ್ಬೊಬ್ಬರಿಗೆ ಗೊತ್ತಾದ ಹಾಗೆಲ್ಲ ನೋವು ಒಂದೊಂದು ಗಳಿಗೆ ಹೆಚ್ಚುತ್ತದೆ, ಹೆರಿಗೆ ಕಟ್ಟುತ್ತದೆ ಎನ್ನುತ್ತಿದ್ದರು. ಈ ದೀಪವೋ, ಕೆರೆ ಏರಿಯ ಮೇಲೆ ಬಂದರೆ ಸಾಕು, ಅದು ಯಾರ ಮನೆಗೆ ಹೋಗುತ್ತದೆ ಎಂದು ನೋಡಲು ಇಡೀ ಊರು ಬೀದಿಗೆ ಬರುತ್ತಿತ್ತು. ಊರಾಚೆ ದೀಪ ಆರಿಸಿ ಬನ್ನಿ ಎಂದು ಒಂದೊಂದು ಮನೆಯವರೂ ಹೇಳಿ ಕಳಿಸತೊಡಗಿದರು. ನರ್ಸಮ್ಮ ಒಪ್ಪಲಿಲ್ಲ. “ಕದ್ದು ಮುಚ್ಚಿ ಬರಾಕೆ ನಾನೇನು ಕಳ್ಳಭಟ್ಟಿ ತರ್ತಾ ಇದೀನಾ?” ಎಂದು ಕೇಳುತ್ತಿದ್ದರು. ಮನೆಯವರು ಬೈದುಕೊಂಡಾದರೂ ಬಾಗಿಲು ತೆಗೆಯುತ್ತಿದ್ದರು.

ನಮ್ಮ ಅಜ್ಜಿ ಬರೀ ಬೈದು ಸುಮ್ಮನಾಗುವವಳಲ್ಲ. ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ನರ್ಸಮ್ಮ ತಿಂಗಳು ತುಂಬುವ ಮೊದಲೇ ಹೊಟ್ಟೆ ಮುಟ್ಟಿ ನೋಡಿ, ಮಗುವಿನ ಕಾಲು ಕೆಳಗಿದೆ, ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದಾಗದಿದ್ದರೆ ನೋವು ಶುರುವಾದ ಕೂಡಲೇ ನನಗೆ ಹೇಳಿ ಕಳಿಸಿ ಎಂದು ಅಪ್ಪನಿಗೆ ಬಿಡಿಸಿ ಹೇಳಿದ್ದರು. ಅಪ್ಪ ಊರಿನಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ಹೊರಗೆ ಹುಲಿ, ತಾಯಿಯ ಮುಂದೆ ಇಲಿ. ಅಜ್ಜಿ ಬೇಡವೆಂದಳು, ಆಸ್ಪತ್ರೆಯ ಮಾತು ಅಲ್ಲಿಗೇ ನಿಂತಿತು.

ನನಗೆ ನೋವು ಬಂದದ್ದು ಮಧ್ಯಾಹ್ನಕ್ಕೆ ಮುಂಚೆ. ಹಗಲು ಹೊತ್ತು ಆಳು ಡಿಸ್ಪೆನ್ಸರಿ ಕಡೆ ಹೋದರೆ ಜನಕ್ಕೆ ಗೊತ್ತಾಗುತ್ತದೆ ಎಂದು ಅಜ್ಜಿ ದನ ಮನೆಗೆ ಬರುವವರೆಗೆ ಯಾರನ್ನೂ ಕಳಿಸಲು ಬಿಡಲಿಲ್ಲ. ಊರಿನ ಸೂಲಗಿತ್ತಿಯನ್ನು ಹಿತ್ತಲಿನಿಂದ ಕರೆಸಿಕೊಂಡು, ನನ್ನ ಬಾಯಿಗೆ ಬಟ್ಟೆ ಇಟ್ಟು ಕೂಗದಂತೆ ನೋಡಿಕೊಂಡರು. ಹೊತ್ತು ಮುಳುಗಿದ ಮೇಲೆ ಅಪ್ಪ ಆಳನ್ನು ಹೊರಡಿಸಿದರು. ಅಜ್ಜಿ ಅವನಿಗೆ ಹೇಳಿದ್ದು ನಾನು ಮಲಗಿದ್ದ ಕೋಣೆಗೂ ಕೇಳಿಸಿತು:

“ಏರಿ ಮ್ಯಾಗೇ ದೀಪ ಆರುಸ್ಬುಟ್ಟು ಬಂದ್ರೆ ಬಾಗ್ಲು ತೆಗೀತೀವಿ. ಇಲ್ದಿದ್ರೆ ಬಂದ ದಾರೀಲೇ ವಾಪಸ್ ಹೋಗ್ಲಿ ಅನ್ನು ಕಣ್ಲಾ.”

ಅಪ್ಪ ಅಲ್ಲೇ ಇದ್ದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಮುಂದಿನದನ್ನು ಆ ಆಳೇ ನನಗೆ ಹೇಳಿದ. ನರ್ಸಮ್ಮ ಏರಿಯವರೆಗೆ ದೀಪ ಉರಿಸಿಕೊಂಡೇ ಬಂದರಂತೆ. ಅಲ್ಲಿ ಅವನು ಕೈ ಮುಗಿದು ಅಜ್ಜಿಯ ಮಾತು ಹೇಳಿದಾಗ, ನಿಜವಾಗಿಯೂ ಬಾಗಿಲು ತೆಗೆಯುವುದಿಲ್ಲವೇನೋ ಎಂದು ಕೇಳಿದರಂತೆ. ತೆಗೆಯುವುದಿಲ್ಲ ಎಂದ. ಎಷ್ಟೋ ಮನೆಗಳಿಗೆ ಆರಿಸದ ದೀಪವನ್ನು ಅವರು ಆರಿಸಿದ್ದು ಆಗ. ತೂಬಿನ ಪಕ್ಕ ಏರಿ ಕೊರೆದುಹೋಗಿದ್ದದ್ದು ಕತ್ತಲಲ್ಲಿ ಕಾಣಲಿಲ್ಲ. ಸೈಕಲ್ ಸಮೇತ ಕಾಲುವೆಯೊಳಗೆ ಬಿದ್ದರು. ದೀಪದ ಗಾಜು ಚೂರಾಯಿತು, ಕಾರ್ಬೈಡ್ ನೀರಿನಲ್ಲಿ ನೆನೆದು ಹೋಯಿತು, ಬಲಗೈಯ ಮಣಿಕಟ್ಟು ಮುರಿಯಿತು.

ನಡೆದುಕೊಂಡು ಬಂದರು. ಸೀರೆಯೆಲ್ಲ ಕೆಸರು, ಬಲಗೈ ಜೋತುಬಿದ್ದಿತ್ತು. ಕೋಣೆಯಲ್ಲಿ ಒಂದೇ ಒಂದು ಹಣತೆ. ಎಡಗೈಯಲ್ಲಿ ತಾವು ಅರ್ಧ, ಬಾಯಲ್ಲಿ ಹೇಳಿಕೊಡುತ್ತಾ ಸೂಲಗಿತ್ತಿಯ ಕೈಯಿಂದ ಅರ್ಧ, ಹೀಗೆ ಕೆಲಸ ಮಾಡಿದರು. ಬೆಳಕು ತನ್ನಿ, ಬೆಳಕು ತನ್ನಿ ಎಂದು ಅವರು ಕೇಳುತ್ತಲೇ ಇದ್ದರು. ಬೀದಿಗೆ ಕಾಣುತ್ತದೆ ಎಂದು ಅವ್ವ ಅಜ್ಜಿಯ ಮುಖ ನೋಡುತ್ತಾ ನಿಂತಿದ್ದಳು. ಮಗುವಿನ ಕಾಲು ಬಂತು, ಮೈ ಬಂತು, ತಲೆ ಸಿಕ್ಕಿಕೊಂಡಿತು. ಗಂಡು ಮಗು. ಅಳಲಿಲ್ಲ. ಆಮೇಲೆ ನನಗೆ ರಕ್ತ ನಿಲ್ಲದೆ ಹೋಗಿ, ನರ್ಸಮ್ಮ ಆ ಒಂದೇ ಕೈಯಲ್ಲಿ ನನ್ನ ಹೊಟ್ಟೆಯನ್ನು ಅದುಮಿ ಹಿಡಿದು, ಬೆಳಗಾಗುವವರೆಗೂ ಬಿಡದೆ ಕೂತಿದ್ದರು.

ಬೆಳಗ್ಗೆ ಅಜ್ಜಿ ಅವರ ಕಾಲ್ಗುಣ ಸರಿಯಿಲ್ಲ ಎಂದಳು. ಗಂಡ ಸತ್ತವಳು ಬಿದ್ದು ಎದ್ದು ಬಂದರೆ ಮಗು ಉಳಿಯುತ್ತದೆಯೇ ಎಂದಳು. ಹಗಲೆಲ್ಲ ಗುಟ್ಟು ಮಾಡಿದ್ದ ಬಾಯಿ ಅವತ್ತು ಊರಿಗೆಲ್ಲ ತೆರೆದುಕೊಂಡಿತು. ಅಪ್ಪ ಮಧುಗಿರಿಗೆ ಹೋಗಿ ಅವರ ಮೇಲಿನ ಡಾಕ್ಟರಿಗೆ, ನರ್ಸು ತಡವಾಗಿ ಬಂದಳು ಎಂದು ದೂರು ಹೇಳಿ ಬಂದರು. ನಾನು ಬಾಣಂತಿ ಮಂಚದಿಂದಲೇ, ದೀಪ ಆರಿಸಿ ಅಂದಿದ್ದನ್ನೂ ಹೇಳಿದಿರಾ ಎಂದು ಕೇಳಿದೆ. ಮನೆ ಮರ್ಯಾದೆ ಕಳೆಯಬೇಡ, ಮುಚ್ಚಿಕೊಂಡು ಮಲಗು ಎಂದರು. ಡಾಕ್ಟರು ವಿಚಾರಿಸಿದಾಗ ನರ್ಸಮ್ಮ, ಬಿದ್ದೆ, ತಡವಾಯಿತು ಎಂದು ಮಾತ್ರ ಹೇಳಿದರಂತೆ. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತು. ಸೊಟ್ಟ ಕೈಯ ನರ್ಸು ಯಾರಿಗೂ ಬೇಡವಾಗಿ ಅವರು ಕೆಲಸ ಬಿಡಬೇಕಾಯಿತು. ಅಪ್ಪ ಮರುತಿಂಗಳೇ ತೂಬಿನ ಹತ್ತಿರ ಏರಿಗೆ ಕಲ್ಲು ಹಾಕಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಮತ್ತೆ ಬಸುರಿಯಾದಾಗ ತವರಿಗೆ ಹೋಗುವುದಿಲ್ಲ ಎಂದು ಹಟ ಹಿಡಿದು, ಗಂಡನನ್ನು ಕರೆದುಕೊಂಡು ಪಾವಗಡಕ್ಕೆ ಹೋದೆ. ನರ್ಸಮ್ಮ ಅಲ್ಲಿ ತಮ್ಮನ ಮನೆಯಲ್ಲಿದ್ದರು. ತಮ್ಮನ ಹೆಂಡತಿ ಒಳಗಿನಿಂದಲೇ “ಎವರು ವದಿನಾ?” ಎಂದು ತೆಲುಗಿನಲ್ಲಿ, ಬಂದದ್ದು ಯಾರೆಂದು ಬೇಸರದ ದನಿಯಲ್ಲಿ ಕೇಳಿದಳು. ಅನ್ನ ಹಾಕುವ ಮನೆಯಲ್ಲಿ ಅವರ ಬೆಲೆ ಎಷ್ಟಿದೆ ಎಂದು ಆ ದನಿಯಲ್ಲೇ ತಿಳಿಯಿತು. ಎಡಗೈಯಲ್ಲಿ ನನ್ನ ಹೊಟ್ಟೆ ಮುಟ್ಟಿ, ತಲೆ ಕೆಳಗಿದೆ, ಆದರೂ ಆಸ್ಪತ್ರೆಗೇ ಹೋಗು ಎಂದರು. ನಾನು ತಡೆಯಲಾರದೆ, ಅವತ್ತು ಯಾಕೆ ದೀಪ ಆರಿಸಿದಿರಿ ಎಂದು ಕೇಳಿಬಿಟ್ಟೆ. ಯಾರಿಗೂ ಬಗ್ಗದವರು ನಮ್ಮ ಅಜ್ಜಿಗೆ ಬಗ್ಗಿದರಲ್ಲ ಎಂಬ ಸಂಕಟ ನನಗೆ.

“ದೀಪ ಹಚ್ಕಂಡು ಬಾಗ್ಲಾಚೆ ನಿಂತಿದ್ರೆ ನನ್ನ ಮಾತು ಗೆಲ್ತಿತ್ತು ಕಣಮ್ಮ,” ಎಂದರು. “ನೀನು ಹೋಗ್ಬುಡ್ತಿದ್ದೆ.”

ನನಗೆ ಹೆಣ್ಣು ಮಗು ಹುಟ್ಟಿತು, ಆಸ್ಪತ್ರೆಯಲ್ಲಿ, ನಡು ಹಗಲಿನಲ್ಲಿ, ಹತ್ತಾರು ಜನಕ್ಕೆ ಗೊತ್ತಾಗಿ. ಹೆರಿಗೆಯೇನೂ ಕಟ್ಟಲಿಲ್ಲ.

ನರ್ಸಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಅಜ್ಜಿಯ ತಿಥಿಗೆಂದು ತವರಿನಲ್ಲಿದ್ದೆ. ಪಾವಗಡದ ಕಡೆಯ ಬೀಗರೊಬ್ಬರು ಊಟಕ್ಕೆ ಕೂತಾಗ ಹೇಳಿದರು. ಮಣ್ಣಿಗೆ ಹೆಚ್ಚು ಜನ ಇರಲಿಲ್ಲವಂತೆ. ಅಪ್ಪ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಲೊಚಗುಟ್ಟಿದರು.

“ಪಾಪ, ಒಳ್ಳೇ ಹೆಂಗ್ಸು. ಅವತ್ತೊಂದಿನ ಯಾಕೋ ಎಡವ್ಬುಟ್ಳು.”

“ಎಡವ್ಲಿಲ್ಲಪ್ಪ, ನೀವು ಕೆಡವಿದ್ರಿ” ಎಂದೆ.

ಪಂಕ್ತಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅವ್ವ ಸಾರಿನ ಪಾತ್ರೆ ಹಿಡಿದು ಅಲ್ಲೇ ನಿಂತಳು. ಅಪ್ಪ ನನ್ನ ಕಡೆ ನೋಡದೆ, “ನಿನ್ನ ಜೀವ ಉಳೀತಲ್ಲ, ಇನ್ನೇನು?” ಎಂದರು.

ಉಳಿದದ್ದು ನಿಜ. ಆದರೆ ನೀವು ಕೊಟ್ಟ ಜೀವ ಆ ಕೋಣೆಯಲ್ಲೇ ಹೋಯಿತು, ಈಗಿರುವುದು ಅವರು ಕೊಟ್ಟದ್ದು ಎಂದು ಹೇಳಿ ಎಲೆ ಬಿಟ್ಟು ಎದ್ದೆ.