ಗುಜರಿಗೆ ಹೋಗದ ರೋಲರ್

೧೯೮೬ರಲ್ಲಿ, ಆರನೆಯ ಇಯತ್ತೆಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ. ಗೋವೆಗೆ ಬಂದು ರಸ್ತೆ ಕೆಲಸದಲ್ಲಿ ಒಂಬತ್ತು ವರ್ಷ ಬುಟ್ಟಿಯಲ್ಲಿ ಜಲ್ಲಿಖಡಿ ಹೊತ್ತೆ. ಹೊರುತ್ತಲೇ, ರೋಲರ್ ನಡೆಸುವುದನ್ನೂ ಬಿಚ್ಚಿ ಜೋಡಿಸುವುದನ್ನೂ ನೋಡಿ ಕಲಿತೆ. ಫೋಂಡಾದ ಗುತ್ತಿಗೆದಾರನ ಹಳೆಯ ರೋಲರಿನ ಸೀಟು ಸಿಕ್ಕ ದಿನ, ಇನ್ನು ತಲೆಯ ಮೇಲೆ ಬುಟ್ಟಿ ಇಡುವುದಿಲ್ಲ ಎಂದು ಹೆಂಡತಿಗೆ ಹೇಳಿದ್ದೆ. ಅವಳು ಅದೇ ಗ್ಯಾಂಗಿನಲ್ಲಿ ಇನ್ನೂ ಹೊರುತ್ತಿದ್ದಳು.

೨೦೦೪ರ ಖಂಡೇನವಮಿಗೆ ವಾಳಪೈ ರಸ್ತೆಯ ಬದಿಗೆ ರೋಲರ್ ನಿಲ್ಲಿಸಿ, ಟ್ಯಾಂಕರಿನ ಪೈಪು ಹಿಡಿದು ಮೂಲೆಮೂಲೆ ತೊಳೆದೆ. ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ ಕಾಯಿ ಒಡೆದೆವು. ಪೂಜೆಗಿಟ್ಟ ಯಂತ್ರವನ್ನು ಆ ದಿನ ನಮ್ಮವರು ಚಾಲೂ ಮಾಡುವುದಿಲ್ಲ. ಹಾಗೆಯೇ ಬಿಟ್ಟು ಊರಿಗೆ ಹೋದೆವು. ಸೀಗಿ ಹುಣ್ಣಿಮೆ ಮುಗಿಸಿ ಹದಿನೈದು ದಿನಕ್ಕೆ ಬಂದು ನೋಡಿದರೆ ಎಂಜಿನ್ ಚಾಲೂ ಆಯಿತು, ಗೇರಿನ ಹಿಡಿಕೆ ಮಾತ್ರ ಕಲ್ಲಿನಲ್ಲಿ ನೆಟ್ಟ ಹಾಗೆ ನಿಂತಿತ್ತು.

ಗುತ್ತಿಗೆದಾರ ಮ್ಹಾಪಸಾದಿಂದ ಸರ್ಟಿಫಿಕೇಟು ಇದ್ದ ಮೆಕ್ಯಾನಿಕನನ್ನು ಕರೆಸಿದ. ಅವನು ಹಿಡಿಕೆಯನ್ನು ನಾಲ್ಕು ಸಲ ಎಳೆದ, ಗೇರ್‌ಬಾಕ್ಸಿನ ಮೇಲೆ ನಟ್ಟು ಬಿಚ್ಚುವ ಪಾನಾದಿಂದ ಬಡಿದು ಕಿವಿಗೊಟ್ಟ. ಒಂದು ನಟ್ಟೂ ಸಡಿಲಿಸಲಿಲ್ಲ. ಒಳಗೆ ಹಲ್ಲು ಮುರಿದಿವೆ, ಇದರ ಸಾಮಾನು ಈಗ ಎಲ್ಲೂ ಸಿಗುವುದಿಲ್ಲ, ಗುಜರಿಗೆ ಹಾಕಿ ಎಂದ. ಗುತ್ತಿಗೆದಾರ ಅಲ್ಲಿಂದಲೇ ಗುಜರಿಯವನಿಗೆ ಫೋನ್ ಮಾಡಿದ. ಮರುದಿನ ಮಧ್ಯಾಹ್ನ ಗ್ಯಾಸ್ ಕಟರ್ ಬರುವುದು ಎಂದಾಯಿತು. ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದೆ. ಗುತ್ತಿಗೆದಾರ ಗೋವೆಯವನೇ, ಗ್ಯಾಂಗಿನವರಿಂದ ನಮ್ಮ ಮಾತು ಕಲಿತಿದ್ದ. ನನ್ನ ಕಡೆ ನೋಡದೆ ಹೇಳಿದ:

"ಬುಟ್ಟಿ ಅದಾವಲ್ಲ."

ಸಿಟ್ಟು ನೆತ್ತಿಗೇರಿತು. ಬಿಚ್ಚಿ ನೋಡುತ್ತೇನೆ ಎಂದೆ. ಇವನು ಎಷ್ಟು ಓದಿದ್ದಾನೆ ಎಂದು ಮೆಕ್ಯಾನಿಕ ಹಿಂದಿಯಲ್ಲಿ ಕೇಳಿ ನಕ್ಕ. ಆರು, ಅದೂ ಅರ್ಧ ಎಂದು ನಾನೇ ಹೇಳಿದೆ. ನೀವು ಹೊರಗಿನಿಂದ ಬಡಿದು ನೋಡಿದಿರಿ, ನಾನು ಒಳಗೆ ನೋಡುತ್ತೇನೆ ಎಂದೂ ಹೇಳಿದೆ.

ಬೆಳಗ್ಗೆ ರೋಲರಿನ ಅಡಿಗೆ ಮಲಗಿ ಗೇರ್‌ಬಾಕ್ಸಿನ ತಳದ ಬಿರಡೆ ತೆಗೆದೆ. ಮೊದಲು ಬಂದದ್ದು ನೀರು, ಆಮೇಲೆ ಬಿಳಿಚಿದ ಎಣ್ಣೆ. ಬುಟ್ಟಿ ಇಳಿಸಿ ಬಂದ ಹೆಂಡತಿ ಬಗ್ಗಿ ನೋಡಿದಳು.

"ಇದೇನ್ರೀ, ಹಾಲು ಹಾಕಿದ ಚಾ ಆಗೇತಿ." ಆಮೇಲೆ ಹಿಡಿಕೆಯ ಬುಡದಲ್ಲಿ ಹರಿದಿದ್ದ ರಬ್ಬರನ್ನು ಎತ್ತಿ ತೋರಿಸಿದಳು. "ಮನ್ಯಾಗ ಒಂದು ತಾಟು ತೊಳದಾವ್ರಲ್ಲ. ಇದನ್ನ ಮಾತ್ರ ಮದವಿ ಗಂಡಿಗೆ ಎರದಂಗ ಎರದ್ರಿ."

ಗ್ಯಾಂಗೆಲ್ಲ ನಕ್ಕಿತು. ಖಂಡೇನವಮಿಯ ದಿನ ಆ ಹರಕಿನಿಂದ ಒಳಗೆ ನೀರು ಹೊಡೆದವನು ನಾನೇ. ಮೇಲಿನ ಮುಚ್ಚಳ ಬಿಚ್ಚಿದಾಗ ಹಲ್ಲುಗಳೆಲ್ಲ ಗಟ್ಟಿಯಾಗಿದ್ದವು, ಒಂದೂ ಮುರಿದಿರಲಿಲ್ಲ. ಗೇರು ಸರಿಸುವ ಸಲಾಕೆ ಮಾತ್ರ ತುಕ್ಕು ಹಿಡಿದು ತೂತಿನಲ್ಲೇ ಕಚ್ಚಿಕೊಂಡಿತ್ತು.

ಗುಜರಿಯ ಲಾರಿಯ ಹಿಂದೆಯೇ ಗುತ್ತಿಗೆದಾರನೂ ಮೆಕ್ಯಾನಿಕನೂ ಬಂದರು. ಸುಮ್ಮನಿದ್ದರೆ ಅವರಿಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಕೇಳುವ ಮೊದಲೇ ಹೇಳಿದೆ:

"ನೀರು ಹೊಡದಾವ ನಾನ, ಮಾಲಕರ. ತಗಿಯಾವನೂ ನಾನ. ಕಟರ್ ಹಚ್ಚೂದಿದ್ರ ಮೊದಲ ನನ್ನ ಮ್ಯಾಲ ಹಚ್ಚರಿ."

ಗುತ್ತಿಗೆದಾರ ಒಳಗೆ ಇಣುಕಿ ಹಲ್ಲುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಗುಜರಿಯವನನ್ನು ಊಟಕ್ಕೆ ಕಳಿಸಿ, ಅವನು ಬರುವವರೆಗೆ ನನಗೆ ಟೈಮು ಕೊಟ್ಟ.

ಡೀಸೆಲ್ ಸುರಿದೆ, ಕಾದೆ. ಕಟ್ಟಿಗೆಯ ಸುತ್ತಿಗೆಯಿಂದ ಸಣ್ಣಗೆ ಬಡಿದೆ. ಜೋರಾಗಿ ಬಡಿದರೆ ಸಲಾಕೆ ಬಾಗುತ್ತದೆ, ಬಾಗಿದರೆ ಮೆಕ್ಯಾನಿಕನ ಮಾತೇ ಖರೆ ಆಗುತ್ತದೆ. ಒಂದು ತಾಸಿನವರೆಗೆ ಅದು ಜಪ್ಪಯ್ಯ ಅನ್ನಲಿಲ್ಲ. ಬೆರಳು ಒಡೆದು ರಕ್ತ ಬಂತು. ಆಮೇಲೆ ಒಂದು ಏಟಿಗೆ ಕೂದಲೆಳೆಯಷ್ಟು ಜರುಗಿತು, ಮುಂದಿನ ಏಟಿಗೆ ಬೆರಳಿನಷ್ಟು. ಗುಜರಿಯವನು ಬಾಯಿ ಒರೆಸಿಕೊಳ್ಳುತ್ತ ಬಂದಾಗ ಸಲಾಕೆ ಹಿಂದೆ ಮುಂದೆ ಆಡುತ್ತಿತ್ತು. ಲಾರಿ ಖಾಲಿ ಹೋಯಿತು.

ಸಂಜೆಯೊಳಗೆ ಡೀಸೆಲಿನಿಂದ ತೊಳೆದು, ಹೊಸ ಎಣ್ಣೆ ಹಾಕಿ, ಹರಿದ ರಬ್ಬರಿನ ಮೇಲೆ ಟಾಯರ್ ಟ್ಯೂಬಿನ ತುಂಡು ಬಿಗಿದು ಕಟ್ಟಿದೆ. ಒಂದನೆಯ ಗೇರು, ಎರಡನೆಯದು, ಆಮೇಲೆ ಹಿಂದಕ್ಕೆ. ಮೆಕ್ಯಾನಿಕನ ಮುಂದೆ ಬೇಕೆಂದೇ ಎರಡು ಸಲ ಓಡಿಸಿದೆ. ಅವನು ಮೊಬೈಲ್ ನೋಡುತ್ತಿದ್ದ.

ಗುತ್ತಿಗೆದಾರ ಹೊಗಳಲಿಲ್ಲ. ಮುಂದಿನ ವಾರ ತನ್ನ ಇನ್ನೊಂದು ಯಂತ್ರವನ್ನು ನನ್ನ ಹತ್ತಿರವೇ ಕಳಿಸಿದ. ಅದನ್ನು ನೋಡಿ ಬೇರೆಯವರೂ ಕಳಿಸಿದರು.

ಈಗ ಫೋಂಡಾದಲ್ಲಿ ನನಗೆ ಒಂದು ತಗಡಿನ ಶೆಡ್ಡು ಇದೆ. ಒಂದು ಚೈನ್ ಪುಲ್ಲಿ, ಎರಡು ಪೆಟ್ಟಿಗೆ ಪಾನಾ, ಮೂವರು ಫಿಟರು. ಅಂಗಳದಲ್ಲಿ ರಿಪೇರಿಗೆ ಬಂದು ನಿಂತ ಯಂತ್ರ ಐದು.